ಅಕ್ಷರ ಅಳಿಸಿದ ಅಂಗಿಗಳು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಹಳೆಯ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿದ ಕುರ್ತಾ ಹಾಕಿಕೊಂಡಿದ್ದೆ. ಬೆಂಗಳೂರಿನಲ್ಲಿ ಹೊಸ ಕುರ್ತಾದ ಎರಡರಷ್ಟು ಬೆಲೆ ಕೊಟ್ಟು ತಂದದ್ದು. ಬೆನ್ನಿನ ಮೇಲೆ ಯಾವುದೋ ಗಿರಣಿಯ ಹೆಸರು ಮಾಸಿದ ನೀಲಿಯಲ್ಲಿ ಹಾಗೇ ಉಳಿದಿತ್ತು. ನಿಜ ಹೇಳಬೇಕೆಂದರೆ ಬೆಲೆ ಇದ್ದದ್ದೇ ಆ ಅಕ್ಷರಗಳಿಗೆ. ಅಜ್ಜಿ ನನ್ನನ್ನು ತಿರುಗಿಸಿ ನಿಲ್ಲಿಸಿ, ಅವುಗಳ ಮೇಲೆ ಬೆರಳಾಡಿಸಿ ಕೇಳಿದಳು: "ಇದನ್ಯಾಕೆ ಮಗಾ ತೆಗೀದೆ ಬಿಟ್ರು? ಎರಡು ಸಲ ಉಬ್ಬೆ ಹಾಕಿದ್ರೆ ಹೋಗ್ತಿತ್ತಲ್ಲ!"

ಅಜ್ಜಿಗೆ ಆ ಕೆಲಸ ಗೊತ್ತಿತ್ತು. ಅಪ್ಪ ಓದುವ ಕಾಲಕ್ಕೆ ಊರಿನ ಶಾಲೆಗೆ ಅಮೆರಿಕದಿಂದ ಬಂದ ಗೋಧಿನುಚ್ಚಿನಲ್ಲಿ ಮಧ್ಯಾಹ್ನ ಉಪ್ಪಿಟ್ಟು ಮಾಡುತ್ತಿದ್ದರು. ಎಲ್ಲರ ಬಾಯಲ್ಲಿ ಅದು 'ಕೇರ್ ಉಪ್ಪಿಟ್ಟು'. ಖಾಲಿಯಾದ ಬಿಳಿ ಚೀಲವೊಂದನ್ನು ಅಜ್ಜಿ ಕೇಳಿ ತಂದು ಅಪ್ಪನಿಗೆ ಚಡ್ಡಿ ಹೊಲಿದಳಂತೆ. ಸೋಡಾ ಹಾಕಿ ಕುದಿಸಿ ಒಗೆದ ಮೇಲೆ ಅಕ್ಷರಗಳು ಹೋದವು. ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ ಮಾತ್ರ ಹೋಗಲಿಲ್ಲ. ಅದು ಒಳಮಡಿಕೆಗೆ ಸೇರುವಂತೆ ನೋಡಿಕೊಂಡು ಬಟ್ಟೆ ಕತ್ತರಿಸಿದ್ದಳು.

ಜವಳಿಯ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಅಮೆರಿಕದ ಹಳ್ಳಿಗಳ ಚೀಲದ ಬಟ್ಟೆಗಳ ಬಗ್ಗೆ ಮೊದಲೇ ಓದಿದ್ದೆ. ಅಜ್ಜಿಯ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಮತ್ತೆ ಓದಿದಾಗ ಅದು ಬೇರೆಯೇ ಕಥೆಯಂತೆ ಕಂಡಿತು.

ಅಲ್ಲಿ ಮೊದಲು ಹಿಟ್ಟು ಮರದ ಪೀಪಾಯಿಗಳಲ್ಲಿ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಹೊಲಿಗೆ ಯಂತ್ರ ಬಂದ ಮೇಲೆ, ಭಾರ ತಡೆಯುವ ಹತ್ತಿಯ ಚೀಲಗಳನ್ನು ಹೊಲಿಯುವುದು ಸಾಧ್ಯವಾಯಿತು. ಚೀಲದ್ದು ಸರಪಳಿ ಹೊಲಿಗೆ. ದಾರದ ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಂಡು ಅಗಲವಾದ ಬಟ್ಟೆಯಾಗುತ್ತಿತ್ತು. ಹೆಂಗಸರು ಆ ದಾರವನ್ನೂ ಸುತ್ತಿಡುತ್ತಿದ್ದರು. ಗಿರಣಿಯ ಹೆಸರಿರುವ ಕಡೆ ಹಂದಿಕೊಬ್ಬು ಉಜ್ಜಿಯೋ, ಸೀಮೆಎಣ್ಣೆಯಲ್ಲಿ ನೆನೆಹಾಕಿಯೋ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಸಾಬೂನು ಹಾಕಿ ತಿಕ್ಕುತ್ತಿದ್ದರು. ಹಾಗೆ ತಿಕ್ಕಿದ ಬಟ್ಟೆ ಲಂಗ, ಒಳ ಉಡುಪು, ದಿಂಬಿನ ಚೀಲ ಆಗುತ್ತಿತ್ತು.

ವ್ಯಾಪಾರಿಗಳು ಇದನ್ನು ಗಮನಿಸಿದರು. 1924ರಲ್ಲಿ ಏಸಾ ಬೇಲ್ಸ್ ಎಂಬಾತ, ಖಾಲಿಯಾದ ಮೇಲೆ ಉಡುಪಿಗೆ ಒದಗುವ ಬಟ್ಟೆಯ ಚೀಲಕ್ಕೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ. ಸೇಂಟ್ ಲೂಯಿಸ್‌ನ ಗಿರಣಿಯೊಂದು ಚೌಕಳಿ ಬಟ್ಟೆಯ ಚೀಲಗಳಲ್ಲಿ ಹಿಟ್ಟು ಮಾರಿತು. 1929ರ ಆರ್ಥಿಕ ಕುಸಿತದ ನಂತರ ಹೂವು, ಬಳ್ಳಿಗಳ ಅಚ್ಚಿನ ಚೀಲಗಳಿಗೆ ಬೇಡಿಕೆ ಇನ್ನಷ್ಟು ಹೆಚ್ಚಿತು. 100 ಪೌಂಡಿನ ಒಂದು ಚೀಲದಲ್ಲಿ ಗಜಕ್ಕಿಂತ ತುಸು ಹೆಚ್ಚು ಬಟ್ಟೆ ಸಿಗುತ್ತಿತ್ತು. ದೊಡ್ಡವರ ಒಂದು ಉಡುಪಿಗೆ ಸಾಮಾನ್ಯವಾಗಿ ಮೂರು ಚೀಲ ಬೇಕು, ಮೂರೂ ಒಂದೇ ಅಚ್ಚಿನವಾಗಿರಬೇಕು. ಹಾಗಾಗಿ ಕೋಳಿಗಳ ಮೇವು ತರಲು ಹೊರಟ ಗಂಡಸರ ಕೈಗೆ ಮನೆಯವರು ಬಟ್ಟೆಯ ಚೂರು ಕೊಟ್ಟು, ಇಂಥದ್ದೇ ತನ್ನಿ ಎನ್ನುತ್ತಿದ್ದರು. ಕಂಪನಿಗಳು ಹೆಸರನ್ನು ನೀರಿಗೆ ಬಿಟ್ಟುಕೊಳ್ಳುವ ಮಸಿಯಲ್ಲಿ ಅಚ್ಚುಹಾಕಿದವು. ಇಲ್ಲವೇ ಸುಲಭವಾಗಿ ಕಿತ್ತುಬರುವ ಕಾಗದದ ಪಟ್ಟಿ ಅಂಟಿಸಿದವು. ಹಿಟ್ಟಿನ ಜೊತೆಗೆ ಅವರು ಮಾರಿದ್ದು, ಇದು ಚೀಲ ಎಂದು ಯಾರಿಗೂ ಗೊತ್ತಾಗದಿರುವ ನೆಮ್ಮದಿಯನ್ನು.

ಅದೇ ಅಮೆರಿಕ ನೆರವಿಗೆಂದು ಕಳುಹಿಸಿದ ಚೀಲಗಳ ಕಥೆ ಹಾಗಲ್ಲ. 1951ರಿಂದ 1965ರವರೆಗೆ ತೈವಾನ್‌ಗೆ ಅಮೆರಿಕದ ಆರ್ಥಿಕ ನೆರವು ಬರುತ್ತಿತ್ತು. ಅಲ್ಲಿನ ತಾಯಂದಿರೂ ಹಿಟ್ಟಿನ ಚೀಲದಲ್ಲಿ ಮಕ್ಕಳಿಗೆ ಚಡ್ಡಿ ಹೊಲಿದರು. ಎರಡು ದೇಶಗಳ ಸಹಕಾರ ಸಾರುವ ಅಕ್ಷರಗಳೂ ಕೈಹಿಡಿದ ಕೈಗಳ ಚಿತ್ರವೂ ಮಕ್ಕಳ ಚಡ್ಡಿಯ ಮೇಲೆ ಎದ್ದು ಕಾಣುತ್ತಿದ್ದವು. ಇವತ್ತು ತೈವಾನಿನವರು ಆ ಬಡತನದ ಕಾಲವನ್ನು ನೆನೆದರೆ ಆ ಚಡ್ಡಿಯೂ ನೆನಪಾಗುತ್ತದೆ. ಅಪ್ಪನ ಚಡ್ಡಿಯ ಒಳಮಡಿಕೆಯಲ್ಲಿದ್ದದ್ದೂ ಅಂಥವೇ ಕೈಗಳು. ಕೊಳ್ಳುವವಳ ಮಾನ ಕಾಪಾಡಿದರೆ ವ್ಯಾಪಾರಿಗೆ ಲಾಭವಿತ್ತು. ದಾನ ಪಡೆಯುವವರ ಮಾನ ಕಾಪಾಡಿದರೆ ಯಾರಿಗೇನು ಲಾಭ? ಕೊಟ್ಟವರ ಗುರುತು ಅಳಿಸದೆ ಉಳಿಯುವುದೇ ಆ ಮುದ್ರೆಯ ಉದ್ದೇಶವಾಗಿತ್ತು.

ಸಂಶೋಧಕರಿಗೆ ಇಲ್ಲೊಂದು ತೊಡಕಿದೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಚೀಲದ ಬಟ್ಟೆಯ ಉಡುಪೊಂದಿದೆ. ಕಾನ್ಸಾಸ್‌ನ ಮಹಿಳೆಯೊಬ್ಬರು 1959ರಲ್ಲಿ ಹತ್ತಿ ಚೀಲದ ಹೊಲಿಗೆ ಸ್ಪರ್ಧೆಗೆಂದು ಹೊಲಿದದ್ದು. ಅಗ್ಗದ ಕಾಗದದ ಚೀಲಗಳ ಮುಂದೆ ಹತ್ತಿಯ ಚೀಲ ಸೋಲುತ್ತಿದ್ದ ಹೊತ್ತಿನಲ್ಲಿ ಹತ್ತಿ ಉದ್ಯಮವೇ ನಡೆಸುತ್ತಿದ್ದ ಸ್ಪರ್ಧೆ ಅದು. ಬಹುಮಾನಕ್ಕೆ ಹೊಲಿದದ್ದನ್ನು ಜೋಪಾನ ಮಾಡುತ್ತಾರೆ. ದಿನವೂ ಉಟ್ಟದ್ದು ಹರಿಯುತ್ತದೆ, ಕೌದಿಗೆ ಸೇರುತ್ತದೆ, ಕೊನೆಗೆ ಮಸಿಬಟ್ಟೆಯಾಗಿ ಒಲೆಯ ಪಕ್ಕ ಮುಗಿಯುತ್ತದೆ. ಹೆಮ್ಮೆ ಸಂಗ್ರಹಾಲಯ ಸೇರಿತು. ನಾಚಿಕೆ ಬಟ್ಟೆಯ ಜೊತೆಗೇ ಸವೆದುಹೋಯಿತು. ಉಳಿದದ್ದನ್ನಷ್ಟೇ ನೋಡಿ ಬರೆದರೆ ಇದು ಜಾಣ ಗೃಹಿಣಿಯರ ಸಂತೋಷದ ಕಥೆಯಾಗಿಬಿಡುತ್ತದೆ.

ಹಳೆಯ ಬಟ್ಟೆಯನ್ನು ಮತ್ತೆ ತೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಕುರ್ತಾ ಈಗಲೂ ತೊಡುತ್ತೇನೆ. ಆದರೆ ಅಕ್ಷರಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಧೈರ್ಯ ನನಗಿರುವುದು, ನನ್ನನ್ನು ಬಡವಿ ಎಂದು ಯಾರೂ ತಿಳಿಯುವುದಿಲ್ಲವೆಂಬ ಭರವಸೆಯಿಂದ. ಅಜ್ಜಿಗೆ ಆ ಭರವಸೆ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಆ ಚಡ್ಡಿಯ ಬಗ್ಗೆ ಅಪ್ಪನನ್ನು ಕೇಳಿದೆ. "ಒಳಗಡೆ ಕೈ ಚಿತ್ರ ಇರೋದು ಯಾರಿಗಾದ್ರೂ ಕಾಣಿಸಿಬಿಟ್ರೆ ಅಂತ ಒಂದು ವರ್ಷ ಹೆದರಿದ್ದೆ. ಒಂದಿನ ಕೆರೇಲಿ ಈಜೋಕೆ ಹೋದಾಗ ನೋಡ್ತೀನಿ, ದಡದ ಮೇಲೆ ಬಿಚ್ಚಿಟ್ಟಿದ್ದ ನಾಲ್ಕು ಚಡ್ಡಿ ಒಳಗೂ ಅದೇ ಕೈ," ಎಂದು ನಕ್ಕರು. ಅಜ್ಜಿ ನಗಲಿಲ್ಲ. "ನಂಗೊಬ್ಳಿಗೇ ಹೊಳೆದಿತ್ತು ಅಂದ್ಕೊಂಡಿದ್ದೆ" ಅಂದಳು.