ಬೈಕಿನ ಬ್ರೇಕ್ ಪ್ಯಾಡ್: ಮನೆಯಂಗಳದಲ್ಲೇ ಬದಲಿಸುವ ವಿಧಾನ

ಹೊಸಪೇಟೆಯ ಚಿತ್ತವಾಡ್ಗಿಯಿಂದ ಸಂಡೂರಿಗೆ ಬೈಕಿನಲ್ಲಿ ಹೋಗಿ ಬಂದವರ ಅಂಗಿಯ ಮೇಲೆ ಕೆಂಪು ಧೂಳು ಕೂತಿರುವುದು ಈ ಭಾಗದಲ್ಲಿ ಯಾರಿಗೂ ಹೊಸದಲ್ಲ. ಅಂಗಿಯ ಧೂಳು ಒಗೆದರೆ ಹೋಗುತ್ತದೆ. ಅದೇ ಧೂಳು ಮುಂದಿನ ಚಕ್ರದ ಡಿಸ್ಕ್ ಮತ್ತು ಪ್ಯಾಡುಗಳ ನಡುವೆ ಸೇರಿದರೆ ಉಪ್ಪುಕಾಗದದಂತೆ ಎರಡನ್ನೂ ಉಜ್ಜುತ್ತದೆ. ಕಬ್ಬಿಣದ ಅದಿರಿನ ಕಣ ಗಡುಸಾದುದು. ಇದಕ್ಕೆ ಸಂಡೂರಿನ ಬೆಟ್ಟಗಳ ಇಳಿಜಾರು, ಕಂಪ್ಲಿ ಕಡೆಯ ಗದ್ದೆ ಬಯಲಿನ ಕೆಸರು ರಸ್ತೆಗಳನ್ನೂ ಸೇರಿಸಿಕೊಂಡರೆ, ಇಷ್ಟು ಕಿಲೋಮೀಟರಿಗೊಮ್ಮೆ ಪ್ಯಾಡ್ ಬದಲಿಸಿದರೆ ಸಾಕೆಂಬ ಲೆಕ್ಕ ಇಲ್ಲಿ ನಂಬುವಂತಹದ್ದಲ್ಲ. ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು.

ಬ್ರೇಕ್ ಲಿವರ್ ಒತ್ತಿದಾಗ ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಕ್ಯಾಲಿಪರ್‌ನ ಪಿಸ್ಟನ್ನನ್ನು ಹೊರಕ್ಕೆ ತಳ್ಳುತ್ತದೆ. ಎರಡೂ ಬದಿಯ ಪ್ಯಾಡುಗಳು ತಿರುಗುವ ಡಿಸ್ಕನ್ನು ಬಿಗಿಹಿಡಿಯುತ್ತವೆ. ಪ್ಯಾಡ್ ತೆಳುವಾದಷ್ಟೂ ಪಿಸ್ಟನ್ ಹೊರಗೆ ಬಂದು ನಿಲ್ಲುತ್ತದೆ, ಹ್ಯಾಂಡಲ್ ಬಳಿಯ ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿಯುತ್ತದೆ. ಇದನ್ನು ಕಂಡವರು ಆಯಿಲ್ ಸುರಿದು ನಿಶ್ಚಿಂತರಾಗುವುದುಂಟು. ಅದು ತಪ್ಪು, ಮಟ್ಟ ಇಳಿದಿದ್ದರೆ ಮೊದಲು ನೋಡಬೇಕಾದುದು ಪ್ಯಾಡನ್ನು. ಉಜ್ಜುವ ಪದರದ ಮೇಲಿನ ಗೀರು ಮಾಯವಾಗಿದ್ದರೆ, ಇಲ್ಲವೇ ಪದರ ಒಂದು ಮಿಲಿಮೀಟರಿನಷ್ಟೇ ಉಳಿದಿದ್ದರೆ ಬದಲಿಸುವ ಕಾಲ ಬಂದಿದೆಯೆಂದೇ ಅರ್ಥ. ಲೋಹಕ್ಕೆ ಲೋಹ ತಾಗುವ ಕರಕರ ಸದ್ದು ಕೇಳುವವರೆಗೆ ಕಾದರೆ ಡಿಸ್ಕನ್ನೂ ಕೊಳ್ಳಬೇಕಾದೀತು. ಆಯುಧಪೂಜೆಯ ದಿನ ಬೈಕ್ ತೊಳೆದು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಡುವ ನಾವು ಅದೇ ಹೊತ್ತಿನಲ್ಲಿ ಒಮ್ಮೆ ಬಗ್ಗಿ ಕ್ಯಾಲಿಪರ್ ಒಳಗೆ ನೋಡಿದರೂ ಆದೀತು.

ಕೆಲಸಕ್ಕೆ ಬೇಕಾದುದು ಬೋಲ್ಟಿಗೆ ಹೊಂದುವ ಪಾನಾ ಅಥವಾ ಅಲೆನ್ ಕೀ, ಇಕ್ಕಳ, ಹಳೆಯ ಹಲ್ಲುಜ್ಜುವ ಬ್ರಷ್, ಬಟ್ಟೆ ಮತ್ತು ಸಿಲಿಕೋನ್ ಗ್ರೀಸ್. ಎಂಜಿನ್ ಹಾಗೂ ಡಿಸ್ಕ್ ತಣ್ಣಗಾಗಿರಲಿ, ಬೈಕ್ ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲಿರಲಿ. ಕ್ಯಾಲಿಪರ್ ಒಳಗಿನ ಕರಿಯ ಹುಡಿಯನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಭಾರತದಲ್ಲಿ ಕಲ್ನಾರಿನ ಬಳಕೆ ಪೂರ್ಣವಾಗಿ ನಿಷೇಧವಾಗಿಲ್ಲ. ಅಗ್ಗದ ಪ್ಯಾಡಿನಲ್ಲಿ ಏನಿದೆಯೆಂದು ನೋಡಿ ಹೇಳಲಾಗದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಕ್ಷೇಮ.

ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ ಸುತ್ತ ಬಟ್ಟೆ ಸುತ್ತಬೇಕು, ಏಕೆಂದರೆ ಆ ಆಯಿಲ್ ಟ್ಯಾಂಕಿನ ಬಣ್ಣವನ್ನು ಕಿತ್ತುಹಾಕುತ್ತದೆ. ಪ್ಯಾಡುಗಳನ್ನು ಹಿಡಿದಿರುವ ಪಿನ್ನನ್ನು ಕ್ಯಾಲಿಪರ್ ಇನ್ನೂ ಬೈಕಿನಲ್ಲಿರುವಾಗಲೇ ಸಡಿಲಿಸುವುದು ಸುಲಭ. ಅನಂತರ ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಹೊರತೆಗೆದು ದಾರದಿಂದ ಫೋರ್ಕಿಗೆ ಕಟ್ಟಿ ತೂಗುಬಿಡಿ. ಕೊಳವೆಯ ಮೇಲೆ ಭಾರ ಬೀಳಕೂಡದು. ಈ ಹಂತದಲ್ಲಿ ಯಾರೂ ಬ್ರೇಕ್ ಲಿವರ್ ಮುಟ್ಟಬಾರದು. ಪಕ್ಕದಲ್ಲಿ ನಿಂತ ಮಗು ಒಮ್ಮೆ ಒತ್ತಿದರೂ ಪಿಸ್ಟನ್ ಹೊರಜಾರುವ ಭಯವಿದೆ. ಸ್ಪ್ರಿಂಗ್ ಹೇಗೆ ಕೂತಿತ್ತೆಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಹಳೆಯ ಪ್ಯಾಡುಗಳನ್ನು ತೆಗೆಯಿರಿ.

ಹೆಚ್ಚಿನವರು ಅವಸರಪಡುವುದು ಇಲ್ಲಿಯೇ. ಹೊರಬಂದಿರುವ ಪಿಸ್ಟನ್ನಿನ ಮೈಮೇಲೆ ಧೂಳು ಗಟ್ಟಿಯಾಗಿ ಅಂಟಿರುತ್ತದೆ. ಅದನ್ನು ಸಾಬೂನು ನೀರು ಮತ್ತು ಬ್ರಷ್‌ನಿಂದ ಉಜ್ಜಿ, ಒರೆಸಿ, ಆಮೇಲೆ ಹೆಬ್ಬೆರಳಿನಿಂದ ನಿಧಾನವಾಗಿ ಒಳಕ್ಕೆ ಒತ್ತಬೇಕು. ಕೊಳೆಯೊಂದಿಗೇ ಒತ್ತಿದರೆ ಒಳಗಿನ ರಬ್ಬರ್ ಸೀಲ್ ಹರಿದು ಆಯಿಲ್ ಜಿನುಗಲು ಆರಂಭವಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆಗಳು ಕೂಡ ರಬ್ಬರಿಗೆ ವೈರಿಗಳೇ. ಒತ್ತುವಾಗ ಡಬ್ಬಿಯಲ್ಲಿ ಆಯಿಲ್ ಮಟ್ಟ ಏರುತ್ತದೆ. ತುಂಬಿ ಚೆಲ್ಲುವಂತಿದ್ದರೆ ಸ್ವಲ್ಪ ಹೊರತೆಗೆಯಿರಿ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿರಿ, ಡಿಸ್ಕ್ ಮತ್ತು ಪ್ಯಾಡಿಗೆ ಅದರ ಸೋಂಕೂ ಬೇಡ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತದೆ, ಓದಿ ನೋಡಿ.

ಹೊಸ ಪ್ಯಾಡುಗಳನ್ನು ಜೊತೆಯಾಗಿಯೇ ಹಾಕಬೇಕು. ಬೋಲ್ಟುಗಳನ್ನು ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಮಾಡಿ ಮುಚ್ಚಳ ಹಾಕಿದ ಬಳಿಕ, ಬೈಕ್ ಏರುವ ಮುನ್ನ, ಲಿವರನ್ನು ಮತ್ತೆಮತ್ತೆ ಒತ್ತಿ ಅದು ಗಟ್ಟಿಯಾಗುವವರೆಗೆ ಬಿಡಬೇಡಿ. ಒಳಕ್ಕೆ ತಳ್ಳಿದ ಪಿಸ್ಟನ್ ಪ್ಯಾಡನ್ನು ತಲುಪುವುದು ಹೀಗೆಯೇ. ಇದನ್ನು ಮರೆತು ಗೇಟು ದಾಟಿದವರಿಗೆ ಮೊದಲ ತಿರುವಿನಲ್ಲಿ ಬ್ರೇಕ್ ಇರುವುದೇ ಇಲ್ಲ. ಎಷ್ಟು ಒತ್ತಿದರೂ ಲಿವರ್ ಮೆತ್ತಗೇ ಇದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ತಿಳಿದು ಮೆಕ್ಯಾನಿಕ್ಕನ್ನು ಕರೆಯಿರಿ. ಆ ಸ್ಥಿತಿಯಲ್ಲಿ ಓಡಿಸಿಕೊಂಡು ಹೋಗುವುದು ಸಲ್ಲದು. ಬ್ರೇಕ್ ಸರಿಯಿದ್ದರೂ ಮೊದಲ ದಿನ ಖಾಲಿ ರಸ್ತೆಯಲ್ಲಿ ಹದವಾಗಿ ಹಲವು ಬಾರಿ ಬ್ರೇಕ್ ಹಿಡಿದು ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು.

125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಕೆಳಗಿನವಕ್ಕೆ ಕನಿಷ್ಠ ಸಿಬಿಎಸ್ 2019ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಎಬಿಎಸ್ ಇದ್ದರೂ ಪ್ಯಾಡ್ ಬದಲಿಸುವ ಕ್ರಮ ಬಹುಪಾಲು ಇದೇ. ಚಕ್ರದ ಬಳಿಯ ಸೆನ್ಸರ್ ಮತ್ತು ಅದರ ವೈರಿಗೆ ಪೆಟ್ಟಾಗದಂತೆ ನೋಡಿಕೊಂಡರಾಯಿತು.

ಆಯಿಲಿನ ಬಗ್ಗೆ ಒಂದು ಮಾತು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕೆಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕನ್ನೇ ಹಿಡಿದುಕೊಂಡು ಬಂದರೆ ಆಯಿಲ್ ಕುದಿದು ಲಿವರ್ ಹ್ಯಾಂಡಲಿಗೆ ತಾಗಿಬಿಡಬಹುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು, ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸುವುದು ಇದಕ್ಕೆ ಪರಿಹಾರ.

ಹಳೆಯ ಪ್ಯಾಡುಗಳನ್ನು ಎಸೆಯುವ ಮುನ್ನ ಪಕ್ಕಪಕ್ಕ ಇಟ್ಟು ನೋಡಿ. ಒಂದು ಪೂರ್ತಿ ಸವೆದು ಇನ್ನೊಂದು ಹಾಗೆಯೇ ಉಳಿದಿದ್ದರೆ ಜಾರುವ ಪಿನ್ ಅಥವಾ ಪಿಸ್ಟನ್ ಸಿಕ್ಕಿಕೊಂಡಿದೆ. ಅದನ್ನು ಸರಿಪಡಿಸದಿದ್ದರೆ ಹೊಸ ಜೋಡಿಯೂ ಅದೇ ರೀತಿ ಸವೆಯುತ್ತದೆ.