ಬೆಳೆ ಕಟಾವು ಪ್ರಯೋಗ: ಇತಿಹಾಸ

ಬೆಳೆ ಕಟಾವು ಪ್ರಯೋಗ ಎಂಬುದು ಒಂದು ಪ್ರದೇಶದ ಸರಾಸರಿ ಇಳುವರಿಯನ್ನು ತಿಳಿಯುವ ಮಾದರಿ ಸಮೀಕ್ಷಾ ವಿಧಾನ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಹೊಲಗಳಲ್ಲಿ ಗೊತ್ತಾದ ಅಳತೆಯ ತುಂಡೊಂದನ್ನು ಕೊಯ್ದು, ಒಕ್ಕಿ, ತೂಗಲಾಗುತ್ತದೆ.

ಇದಕ್ಕೆ ಮುಂಚೆ ಇದ್ದದ್ದು ಆಣೆವಾರಿ. ಗ್ರಾಮಾಧಿಕಾರಿ ಪೈರು ನೋಡಿ, ಇಷ್ಟು ಆಣೆ ಬೆಳೆ ಎಂದು ಬರೆಯುತ್ತಿದ್ದ. ಪೂರ್ಣ ಬೆಳೆಯೆಂದರೆ ಕೆಲವು ಪ್ರಾಂತಗಳಲ್ಲಿ 16 ಆಣೆ, ಕೆಲವೆಡೆ 12 ಆಣೆ. ಹೀಗಾಗಿ ಎಂಟಾಣೆ ಬೆಳೆ ಒಂದೆಡೆ ಅರ್ಧ, ಇನ್ನೊಂದೆಡೆ ಮೂರರಲ್ಲಿ ಎರಡು ಪಾಲು ಆಗುತ್ತಿತ್ತು.

ಭಾರತದ ಮಾದರಿ ಸಮೀಕ್ಷೆಯ ಕಥೆಯನ್ನು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರಿಂದ ಆರಂಭಿಸುವುದು ವಾಡಿಕೆ. ಇಳುವರಿಯ ಮಟ್ಟಿಗೆ ಇದು ಸರಿಯಲ್ಲ. ಐಸಿಎಸ್ ಅಧಿಕಾರಿ ಜೆ.ಎ. ಹಬ್ಬ್ಯಾಕ್ 1920ರ ದಶಕದಲ್ಲೇ ಬಿಹಾರ ಮತ್ತು ಒರಿಸ್ಸಾದ ಭತ್ತದ ಗದ್ದೆಗಳಲ್ಲಿ ಯಾದೃಚ್ಛಿಕ ಕಟಾವು ನಡೆಸಿ, 1927ರಲ್ಲಿ ವರದಿ ಪ್ರಕಟಿಸಿದ್ದರು. "ಸಾಧಾರಣ"ವೆಂದು ಕಂಡ ಜಾಗವನ್ನು ಕೊಯ್ಯುವವರೇ ಆರಿಸಿದರೆ ಲೆಕ್ಕ ವಾಲುತ್ತದೆಂಬುದನ್ನು ಅವರು ಮನಗಂಡಿದ್ದರು. ಅವರ ತ್ರಿಕೋನಾಕಾರದ ಚೌಕಟ್ಟು ಆವರಿಸುತ್ತಿದ್ದುದು ಎಕರೆಯ 3200ರಲ್ಲಿ ಒಂದು ಭಾಗವನ್ನು. ಆಗಿನ ತೂಕದ ಲೆಕ್ಕದಲ್ಲಿ ಒಂದು ಮಣಕ್ಕೆ 3200 ತೊಲ. ಆದ್ದರಿಂದ ಚೌಕಟ್ಟಿನೊಳಗೆ ಸಿಕ್ಕ ತೊಲಗಳೆಷ್ಟೋ ಎಕರೆಗೆ ಅಷ್ಟೇ ಮಣ. ಗದ್ದೆಯ ಬದುವಿನ ಮೇಲೆ ಗುಣಾಕಾರ ಮಾಡುವ ತೊಂದರೆಯೇ ಇರಲಿಲ್ಲ. ಈ ವರದಿ 1946ರಲ್ಲಿ ಮಹಲನೋಬಿಸರ ಪತ್ರಿಕೆ 'ಸಂಖ್ಯಾ'ದಲ್ಲೇ ಮರುಮುದ್ರಣಗೊಂಡಿತು.

ಮಹಲನೋಬಿಸ್ 1937ರಿಂದ ಬಂಗಾಳದ ಸೆಣಬಿನ ಸಮೀಕ್ಷೆಯ ಮೂಲಕ ವಿಧಾನವನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದರು. ನಿಜವಾದ ವಿವಾದ ಎದ್ದದ್ದು ತುಂಡಿನ ಗಾತ್ರದ ಬಗ್ಗೆ. ಮಹಲನೋಬಿಸ್ ಸಣ್ಣ ವೃತ್ತಗಳ ಪರ: ಖರ್ಚು ಕಡಿಮೆ, ಹೆಚ್ಚು ಜಾಗಗಳಲ್ಲಿ ಕೊಯ್ಯಬಹುದು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ, ಸಣ್ಣ ತುಂಡುಗಳು ಇಳುವರಿಯನ್ನು ಹೆಚ್ಚಿಸಿ ತೋರಿಸುತ್ತವೆಂದು 1946ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಾರಣ ಅಂಚು. ಗೆರೆಯ ಮೇಲೆ ನಿಂತ ಪೈರನ್ನು ಕೊಯ್ಯುವವರ ಕೈ ಒಳಗೇ ಎಳೆದುಕೊಳ್ಳುತ್ತದೆ. 2 ಅಡಿ ತ್ರಿಜ್ಯದ ವೃತ್ತದಲ್ಲಿ ಪ್ರತಿ ಚದರಡಿಗೆ 1 ಅಡಿ ಅಂಚು. 5 ಮೀಟರ್ ಚೌಕದಲ್ಲಿ ಸುಮಾರು ಕಾಲು ಅಡಿ ಮಾತ್ರ. ಕೆಲಸ ಯಾರದು ಎಂಬುದರಲ್ಲೂ ಭಿನ್ನಮತವಿತ್ತು: ಮಹಲನೋಬಿಸರದು ಪ್ರತ್ಯೇಕ ತರಬೇತಿಯ ತಂಡ, ಸುಖಾತ್ಮೆಯವರದು ಇರುವ ಕಂದಾಯ ಮತ್ತು ಕೃಷಿ ಸಿಬ್ಬಂದಿ. ರಾಜ್ಯಗಳಲ್ಲಿ ನೆಲೆಯೂರಿದ್ದು ಎರಡನೆಯದು.

ಕರ್ನಾಟಕದಲ್ಲಿ ಇಂದು ರಾಗಿ, ಭತ್ತದಂಥ ಬೆಳೆಗಳಿಗೆ ತುಂಡಿನ ಅಳತೆ 5 × 5 ಮೀಟರ್. ಸರ್ವೆ ನಂಬರ್ ಆಯ್ಕೆಯಾದ ಮೇಲೆ ಹೊಲದ ನೈಋತ್ಯ ಮೂಲೆಯಿಂದ, ಯಾದೃಚ್ಛಿಕವಾಗಿ ಬಂದ ಎರಡು ಸಂಖ್ಯೆಗಳಷ್ಟು ಹೆಜ್ಜೆಯನ್ನು ಉದ್ದಕ್ಕೂ ಅಗಲಕ್ಕೂ ಇಟ್ಟು, ನಿಂತಲ್ಲಿ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಎದುರಿಗೆ ಪೈರು ಸೊಂಪಾಗಿದೆಯೆಂದೋ ಒಣಗಿದೆಯೆಂದೋ ಗೂಟ ಸರಿಸುವಂತಿಲ್ಲ.

2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಎಂಬ ಬೆಳೆ ವಿಮೆ ಯೋಜನೆ ಬಂದ ಮೇಲೆ ಈ ತೂಕಕ್ಕೆ ಹೊಸ ಭಾರ ಬಂತು. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ, ಅಂದರೆ ಪರಿಹಾರಕ್ಕೆ ನೋಡುವುದು ಪಂಚಾಯಿತಿಯ ಸರಾಸರಿ ಇಳುವರಿಯನ್ನು. ಯೋಜನೆಯ ಮೂಲ ಮಾರ್ಗಸೂಚಿಯಂತೆ ಅಲ್ಲಿ ಕನಿಷ್ಠ 4 ಪ್ರಯೋಗ. ನಾಲ್ಕು ಚೌಕ ಸೇರಿದರೆ 100 ಚದರ ಮೀಟರ್. ಇಡೀ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ರೈತರಿಗೆ ಪರಿಹಾರ ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಒಂದು ಗುಂಟೆಗೂ ತುಸು ಕಡಿಮೆ ನೆಲದ ಮೇಲೆ ನಿಂತಿದೆ.