ಕಿಸೆಯೊಳಗಿನ ಕಮ್ಮಾರಸಾಲೆ

ಒಂದೇ ಹಿಡಿಯೊಳಗೆ ಹತ್ತು ಉಪಕರಣಗಳನ್ನು ಮಡಿಸಿಟ್ಟುಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ನರ ಕಾಲದ ಮಡಿಸುವ ಸಾಧನವೊಂದಿದೆ. ಕ್ರಿಸ್ತಶಕ ಮೂರನೆಯ ಶತಮಾನದ್ದು. ಮೈ ಬೆಳ್ಳಿಯದು, ಅಲಗು ಕಬ್ಬಿಣದ್ದು. ಚಮಚ, ಮುಳ್ಳುಚಮಚ, ಚೂಪಾದ ಮೊನೆ ಎಲ್ಲವೂ ಒಂದೇ ಕಡೆ ಅಡಗಿವೆ. ಅದನ್ನು ಮಾಡಿಸಿಕೊಂಡವನು ಉಳ್ಳವನೇ ಇರಬೇಕು.

ಹತ್ತೊಂಬತ್ತನೆಯ ಶತಮಾನಕ್ಕೆ ಈ ಹಂಬಲ ಶ್ರೀಮಂತರ ಊಟದ ಮೇಜಿನಿಂದ ಇಳಿದು ದುಡಿಯುವವರ ಕಿಸೆಯನ್ನು ಸೇರಿತ್ತು. ಇಂಗ್ಲೆಂಡಿನ ಶೆಫೀಲ್ಡಿನ ಕುಶಲಿಗರು ಇಂಥ ಚಾಕುಗಳಿಗೆ ಹೆಸರಾಗಿದ್ದರು. ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್, 1851ರ ‘ಮೋಬಿ ಡಿಕ್’ ಕೃತಿಯಲ್ಲಿ, ಹಡಗಿನ ಬಡಗಿಯನ್ನು ಶೆಫೀಲ್ಡಿನ ಇಂಥ ಸಾಧನಕ್ಕೇ ಹೋಲಿಸುತ್ತಾನೆ. ಸಾಹಿತಿಯೊಬ್ಬ ಉಪಮೆಗೆ ಬಳಸಿದನೆಂದರೆ, ಆ ವಸ್ತು ಆಗಲೇ ಓದುಗರಿಗೆ ಪರಿಚಿತವಾಗಿತ್ತೆಂದೇ ಅರ್ಥ.

ಆದರೆ ಇದನ್ನು ಜಗತ್ಪ್ರಸಿದ್ಧಗೊಳಿಸಿದ್ದು ಸ್ವಿಟ್ಜರ್ಲೆಂಡಿನ ಸೈನ್ಯ. ಅದರ 1889ರ ಮಾದರಿಯ ಬಂದೂಕನ್ನು ಬಿಚ್ಚಲು ಸ್ಕ್ರೂ ಡ್ರೈವರ್ ಬೇಕಾಯಿತು. ಡಬ್ಬಿಯಲ್ಲಿ ಬರುತ್ತಿದ್ದ ಆಹಾರವನ್ನು ತೆರೆಯುವುದಕ್ಕೂ ಒಂದು ಉಪಾಯ ಬೇಕಾಯಿತು. ಹೀಗೆ ಅಲಗು, ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂ ಡ್ರೈವರ್ ಈ ನಾಲ್ಕೂ ಕೂಡಿದ ಚಾಕು ಸಿಪಾಯಿಯ ಕಿಸೆಗೆ ಬಂತು. ವಿಪರ್ಯಾಸವೆಂದರೆ, ಮೊದಲ ಕಂತಿನ 15,000 ಚಾಕುಗಳು ತಯಾರಾದದ್ದು ಜರ್ಮನಿಯ ಜೋಲಿಂಗನ್ ಪಟ್ಟಣದಲ್ಲಿ!

ಇದು ಕಾರ್ಲ್ ಎಲ್ಸೆನರ್ ಎಂಬ ಸ್ವಿಸ್ ಕುಶಲಿಗನ ಮನಸ್ಸನ್ನು ಚುಚ್ಚಿತು. ಆತ 1884ರಲ್ಲಿ ಇಬಾಖ್ ಎಂಬಲ್ಲಿ ತನ್ನ ಕಾರ್ಯಾಗಾರ ತೆರೆದಿದ್ದ. ಹೊಟ್ಟೆಪಾಡಿಗಾಗಿ ದೇಶ ಬಿಟ್ಟು ಹೋಗುತ್ತಿದ್ದ ತನ್ನವರಿಗೆ ಊರಿನಲ್ಲೇ ಕೆಲಸ ಸಿಗಬೇಕೆಂಬುದು ಅವನ ಹಟ. ಚಾಕು ಮಾಡುವವರ ಸಂಘ ಕಟ್ಟಿ, 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸತೊಡಗಿದ. ಜರ್ಮನಿಯ ಕಾರ್ಖಾನೆಗಳ ಬೆಲೆಗೆ ಇವನ ಬೆಲೆ ನಿಲ್ಲಲಿಲ್ಲ. ಜೊತೆಗಾರರು ಕೈಬಿಟ್ಟರು, ಕೂಡಿಟ್ಟದ್ದು ಕರಗಿತು. ಬಂಧುಗಳ ನೆರವಿನಿಂದ ದಿವಾಳಿಯೊಂದು ತಪ್ಪಿತು.

ಅವನನ್ನು ಎತ್ತಿ ನಿಲ್ಲಿಸಿದ್ದು ಒಂದು ಸಣ್ಣ ಉಕ್ಕಿನ ಪಟ್ಟಿ. ಹಿಡಿಯ ಬೆನ್ನಿನ ಒಂದೇ ಸ್ಪ್ರಿಂಗು ಎರಡೂ ಬದಿಯ ಉಪಕರಣಗಳನ್ನು ಹಿಡಿದು ನಿಲ್ಲಿಸುವಂತೆ ಅವನು ಯೋಜಿಸಿದ. ಚಾಕು ಹಗುರಾಯಿತು, ಇನ್ನೊಂದು ಪುಟ್ಟ ಅಲಗಿಗೂ ಬಾಟಲಿಯ ಬಿರಡೆ ಕೀಳುವ ತಿರುಪಿಗೂ ಜಾಗ ದೊರೆಯಿತು. 1897ರ ಜೂನ್ 12ರಂದು ಅವನು ನೋಂದಾಯಿಸಿದ ಈ ‘ಅಧಿಕಾರಿಯ ಚಾಕು’ವನ್ನು ಸೈನ್ಯ ಹಂಚಲಿಲ್ಲ, ಅಧಿಕಾರಿಗಳು ತಮ್ಮ ದುಡ್ಡಿನಿಂದಲೇ ಕೊಂಡರು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನೇ ತನ್ನ ಸರಕಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಅದೇ ಹೆಸರು ‘ವಿಕ್ಟೋರಿನಾಕ್ಸ್’ ಎಂದಾಯಿತು.

ಈ ಪರಂಪರೆಯಲ್ಲಿ ಒಂದು ಕೊರತೆ ಉಳಿದಿತ್ತು. 1975ರಲ್ಲಿ ಟಿಮ್ ಲೆದರ್‌ಮನ್ ಎಂಬ ಅಮೆರಿಕದ ಯುವಕ ಹೆಂಡತಿಯೊಡನೆ ಹಳೆಯ ಫಿಯಟ್ ಕಾರಿನಲ್ಲಿ ದೇಶಾಂತರ ತಿರುಗುತ್ತಿದ್ದ. ಕೆಡುವ ಕಾರು, ಸೋರುವ ಹೋಟೆಲಿನ ನಲ್ಲಿ. ಕಿಸೆಯಲ್ಲಿ ಚಾಕು ಇತ್ತು, ಇಕ್ಕಳವಿರಲಿಲ್ಲ. ಊರಿಗೆ ಮರಳಿ ಇಕ್ಕಳವನ್ನೇ ನಡುವಿಗಿಟ್ಟು ಒಂದು ಸಾಧನ ಮಾಡಿದ. 1980ರಲ್ಲಿ ಪೇಟೆಂಟು ಬಂತು, ಗಿರಾಕಿ ಬರಲಿಲ್ಲ. ಚಾಕುವಿನವರು ಇದು ಉಪಕರಣವೆಂದರು. ಉಪಕರಣದವರು ಇದು ಬರಿಯ ಚಮತ್ಕಾರವೆಂದರು. ಕೊನೆಗೆ 1983ರಲ್ಲಿ, ಅಂಚೆಯ ಮೂಲಕ ಸಾಮಾನು ಮಾರುವ ಸಂಸ್ಥೆಯೊಂದು 500 ತರಿಸಿಕೊಂಡಿತು. ಎಂಟು ವರ್ಷಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು.

ಈ ಚರಿತ್ರೆಯನ್ನೆಲ್ಲ ನಾನು ಕೆದಕಿದ್ದಕ್ಕೆ ಕಾರಣ ತೀರ ಲೌಕಿಕವಾದದ್ದು. ಬಹುಕಾಲ ನನ್ನ ಜುಬ್ಬದ ಕಿಸೆಯಲ್ಲಿದ್ದ ಚಾಕುವಿನ ಸ್ಪ್ರಿಂಗು ಈಚೆಗೆ ಸವೆದು, ಅಲಗು ತನ್ನಷ್ಟಕ್ಕೆ ಬಿಚ್ಚಿಕೊಳ್ಳತೊಡಗಿತು. ಹೊಸದೊಂದು ಬೇಕು. ಅಂಗಡಿಯಾತ ಮೂವತ್ತು ಅಂಗಗಳ ಒಂದನ್ನು ಮುಂದಿಟ್ಟು, “ಇದರಲ್ಲಿ ಇಲ್ಲದ್ದೇ ಇಲ್ಲ, ಸಾರ್” ಎಂದ. ಇಕ್ಕಳವಿರುವುದನ್ನೂ ಹಿಡಿದು ನೋಡಿದೆ: ಸುಮಾರು ಕಾಲು ಕಿಲೋ ಭಾರ, ಕಿಸೆಯೇ ಜೋತುಬಿದ್ದೀತು.

ಆಗ ನನಗೆ ನೆರವಾದದ್ದು ಸಿಪಾಯಿಯ ಆ ನಾಲ್ಕು ಅಂಗಗಳ ಚಾಕು. ಅಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಅಗತ್ಯವಿತ್ತು. ನನ್ನ ಅಗತ್ಯಗಳನ್ನೂ ಎಣಿಸಿದೆ: ಪೆನ್ಸಿಲು ಹೆರೆಯುವುದು, ಪುಸ್ತಕದ ಕಟ್ಟಿನ ದಾರ ಕತ್ತರಿಸುವುದು, ಮಾವಿನ ಹಣ್ಣು, ಪ್ಲಗ್ಗಿನ ಸ್ಕ್ರೂ, ಕನ್ನಡಕದ ಸಡಿಲ ತಿರುಪು. ಐದೇ! ಬಿರಡೆ ಕೀಳುವ ಪ್ರಸಂಗ ನನ್ನ ಬಾಳಿನಲ್ಲಿ ಒದಗಿಲ್ಲ. ಆದರೂ ಆ ತಿರುಪಿನ ಸುರುಳಿಯೊಳಗೆ ಕನ್ನಡಕಕ್ಕೆಂದೇ ಮಾಡಿದ ಸೂಜಿಯಷ್ಟು ಸಣ್ಣ ಸ್ಕ್ರೂ ಡ್ರೈವರ್ ಕೂರುತ್ತದೆ. ಮದ್ಯಪ್ರಿಯನ ಮನೆಯಲ್ಲಿ ಓದುಗನಿಗೂ ಒಂದು ಕೋಣೆ. ಎಲ್ಸೆನರನ ಹಳೆಯ ಹಂಚಿಕೆಯ ಸಣ್ಣ ಚಾಕುವನ್ನೇ ಕೊಂಡೆ.

ಇದನ್ನೂ ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ. 2001ರ ಸೆಪ್ಟೆಂಬರಿನ ದುರಂತದ ತರುವಾಯ ಲೋಕ ಕಿಸೆಯ ಚಾಕುವನ್ನು ಸಂಶಯದಿಂದ ನೋಡುತ್ತದೆ. ಅಲಗೇ ಇಲ್ಲದ ಸಾಧನಗಳನ್ನು ರೂಪಿಸುತ್ತಿರುವುದಾಗಿ ವಿಕ್ಟೋರಿನಾಕ್ಸ್ ಸಂಸ್ಥೆ 2024ರಲ್ಲಿ ತಿಳಿಸಿತು. ಅಲಗು ಹೋದ ಮೇಲೂ ಅದನ್ನು ಚಾಕು ಎನ್ನಬಹುದೇ ಎಂಬುದನ್ನು ನಿಘಂಟುಕಾರರಿಗೆ ಬಿಡೋಣ. ಕೊಳ್ಳುವವನು ಮಾತ್ರ ಅಂಗಡಿಯ ಗಾಜಿನ ಪೆಟ್ಟಿಗೆಯನ್ನು ನೋಡುವ ಮೊದಲು, ತನ್ನ ಕೈ ದಿನವೂ ಏನು ಮಾಡುತ್ತದೆಂಬುದನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.